ಉಣ್ಣೆ ದಾರದ ಅಳತೆ

ನನ್ನ ಹೆಂಡತಿಯ ಉಂಗುರವನ್ನು ಕಂಡವರು ಒಮ್ಮೆಯಾದರೂ ಅವಳ ಕೈ ಹಿಡಿದು ತಿರುಗಿಸಿ ನೋಡುತ್ತಾರೆ. ಅದಕ್ಕೆ ಹರಳಿಲ್ಲ, ಹೂವಿಲ್ಲ, ಹೆಸರಿನ ಅಕ್ಷರವಿಲ್ಲ. ಬಂಗಾರದ ಎರಡು ಎಳೆಗಳನ್ನು ಹುರಿಮಾಡಿ, ತುದಿಗಳು ಕೂಡುವಲ್ಲಿ ಸಣ್ಣದೊಂದು ಗಂಟು ಹಾಕಿದೆ, ಅಷ್ಟೇ. ಯಾರು ಆರಿಸಿದ್ದು ಎಂದು ಕೇಳಿದರೆ ಅವಳು ಹೆಮ್ಮೆಯಿಂದ ‘ನಮ್ಮ ಅತ್ತಿ’ ಎನ್ನುತ್ತಾಳೆ. ನಾನು ಆಗ ನೀರು ತರುವ ನೆಪ ಮಾಡಿ ಒಳಗೆ ಹೋಗುತ್ತೇನೆ. ಆ ಉಂಗುರ ಕೊಳ್ಳಲು ಹೋದ ದಿನ ನಾನು ಮಾಡಿದ್ದನ್ನು ಅವಳಿಗೂ ಇನ್ನೂ ಹೇಳಿಲ್ಲ.

ನಮ್ಮದು ಮಹಾರಾಷ್ಟ್ರದ ಗಡಿಯೊಳಗೆ, ಅಕ್ಕಲಕೋಟ ತಾಲೂಕಿನ ಕರಜಗಿ. ಸ್ವಲ್ಪ ಹೊಲ, ಅದಕ್ಕಿಂತ ಹೆಚ್ಚು ಕುರಿ. ಮನೆದೇವರು ಬೀರೋಬಾ. ಸೋಲಾಪುರದ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ ಸಿಕ್ಕಮೇಲೆ ನಾನು ಹೊಲದ ಸುದ್ದಿಯನ್ನಷ್ಟೇ ಹೇಳುತ್ತಿದ್ದೆ. ಕುರಿಗಳ ಸುದ್ದಿ ಬಾಯಿಂದ ತಾನಾಗಿ ಬಿದ್ದುಹೋಗಿತ್ತು. ನನ್ನ ಮರಾಠಿಯನ್ನು ಎಷ್ಟು ತಿಕ್ಕಿ ತೊಳೆದಿದ್ದೆನೆಂದರೆ, ‘ನೀವು ಪುಣೆ ಕಡೆಯವರೇ?’ ಎಂದು ಯಾರೋ ಕೇಳಿದಾಗ ವಾರವಿಡೀ ಉಬ್ಬಿಕೊಂಡು ಓಡಾಡಿದ್ದೆ. ಅಂಥ ಪೆದ್ದ ನಾನು.

ವಳಸಂಗದ ಹುಡುಗಿ ಗೊತ್ತಾದಳು. ನಿಶ್ಚಿತಾರ್ಥಕ್ಕೆ ನಮ್ಮಲ್ಲೂ ಮರಾಠಿಯ ಸಾಖರಪುಡಾ ಎಂಬ ಹೆಸರೇ ಬಳಕೆ. ಅದಕ್ಕೆ ಉಂಗುರ ಎಂಥದು ಬೇಕು ಎಂದು ಫೋನಿನಲ್ಲಿ ಕೇಳಿದಾಗ ಅವಳು, ಸಾದಾ ಇರಲಿ, ಆದರೆ ಎಲ್ಲರ ಕೈಯಲ್ಲಿರುವಂಥದ್ದು ಬೇಡ ಎಂದಳು. ನನ್ನ ಅಭಿರುಚಿ ತೋರಿಸಲು ಇದಕ್ಕಿಂತ ಒಳ್ಳೆಯ ಸಮಯ ಸಿಕ್ಕೀತೇ? ಒಬ್ಬನೇ ಹೋಗಿ ತರುವ ಲೆಕ್ಕ ಹಾಕಿದ್ದೆ. ಆದರೆ ಬೆರಳಿನ ಅಳತೆ ಅವ್ವನ ಹತ್ತಿರ ಇತ್ತು. ಹುಡುಗಿಯನ್ನು ನೋಡಲು ಹೋದ ದಿನವೇ ಅವಳು ತಾನು ನೂತ ಕರಿ ಉಣ್ಣೆಯ ದಾರವನ್ನು ಹುಡುಗಿಯ ಬೆರಳಿಗೆ ಸುತ್ತಿ, ಗಂಟು ಹಾಕಿ, ಹಾಗೇ ಜಾರಿಸಿ ತೆಗೆದು, ಎಲೆ ಅಡಿಕೆಯ ಸಂಚಿಯಲ್ಲಿ ಇಟ್ಟುಕೊಂಡಿದ್ದಳು. ಉಣ್ಣೆ ಹಿಗ್ಗುತ್ತದೆ, ಕಾಗದದ ಪಟ್ಟಿಯಲ್ಲಿ ಅಳೆಯಬೇಕಿತ್ತು ಎಂದು ನಾನು ಸಿಡುಕಿದೆ.

“ನಾ ನೂತದ್ದು ಎಷ್ಟ ಹಿಗ್ಗತೈತಿ ಅನ್ನೂದು ನನಗ ಗೊತ್ತಿಲ್ಲೇನಪಾ?” ಎಂದಳು. ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನನಗಿಂತ ಮೊದಲು ಬಸ್ಸು ಹತ್ತಿದಳು.

ಅಕ್ಕಲಕೋಟದಲ್ಲಿ ಬಸ್ಸು ಬದಲಿಸುವಾಗ, ನಮ್ಮ ಮನೆಯ ಬಂಗಾರವನ್ನೆಲ್ಲ ಮಾಡಿದ ಅಕ್ಕಸಾಲಿಗನನ್ನು ಕೇಳೋಣ ಎಂದಳು. ಅವನಿಗೆ ಗುಂಡು, ಬೋರಮಾಳದಂಥ ಹಳೆಯ ಸರಗಳನ್ನು ಬಿಟ್ಟು ಬೇರೇನು ಗೊತ್ತು ಎಂದು ನಾನು ಅವಳನ್ನು ಸೋಲಾಪುರದ ಬಸ್ಸಿಗೆ ಹತ್ತಿಸಿದೆ. ದಾರಿಯುದ್ದಕ್ಕೂ ಫೋನಿನಲ್ಲಿ ಉಂಗುರಗಳ ಚಿತ್ರ ತೋರಿಸಿದೆ. ಅವಳು ಒಂದೊಂದನ್ನೂ ಮನಸ್ಸಿಟ್ಟು ನೋಡಿ, ಚಲೋ ಅದ, ಆದರ ನಮ್ಮದಲ್ಲ, ಎನ್ನುತ್ತಿದ್ದಳು. ನನಗೆ ರೇಗುತ್ತಿತ್ತು.

ಸೋಲಾಪುರದ ಅಂಗಡಿ ತಂಪಾಗಿತ್ತು, ಗಾಜಿನಂತೆ ಹೊಳೆಯುತ್ತಿತ್ತು. ಅವ್ವ ಚಪ್ಪಲಿಯನ್ನು ಹೊರಗೇ ಬಿಟ್ಟು ಬಂದಳು. ಅಲ್ಲಿ ಬೇರೆ ಯಾರೂ ಬಿಟ್ಟಿರಲಿಲ್ಲ. ಆ ತಂಪಿನಲ್ಲಿ ಅವಳ ಸೀರೆಯಿಂದ ಕುರಿಹಟ್ಟಿಯ ವಾಸನೆ ಎದ್ದು ಬರುತ್ತಿದೆ ಎಂದು ನನಗೆ ಅನಿಸಿತು. ನಿಜವಾಗಿ ಬರುತ್ತಿತ್ತೋ ಇಲ್ಲವೋ ಇವತ್ತಿಗೂ ತಿಳಿಯದು. ಕೌಂಟರಿನ ಮನುಷ್ಯ ಮರಾಠಿಯಲ್ಲಿ ವಿಚಾರಿಸುತ್ತ ಹೃದಯದಾಕಾರದವು, ಹರಳಿನವು, ಎಲ್ಲವನ್ನೂ ಹರವಿದ. ಅವ್ವ ಹಿಂದಿನಿಂದ ಬಗ್ಗಿ, “ಯಪ್ಪಾ, ಇವು ಎಲ್ಲಾರ ಕೈಯಾಗೂ ಅದಾವಲ್ಲ” ಎಂದಳು. ಹುಟ್ಟಿದಾಗಿನಿಂದ ಅವಳು ನನ್ನನ್ನು ಕರೆದದ್ದು ಯಪ್ಪಾ ಎಂದೇ.

ಅದೇ ಹೊತ್ತಿಗೆ ನಮ್ಮ ಆಫೀಸಿನ ಹಿರಿಯ ಮೇಡಂ ಒಳಗೆ ಬಂದರು. ನನ್ನನ್ನು ಕಂಡು ಖುಷಿಪಟ್ಟು, ಪಕ್ಕದ ಕುರ್ಚಿಯಲ್ಲಿ ಕೂತು, ಅವ್ವನ ಕಡೆ ನೋಡಿ, ಇವರು ಯಾರು ಎಂದು ಮರಾಠಿಯಲ್ಲಿ ಕೇಳಿದರು.

“ಗಾವಾಕಡಚ್ಯಾ ಮಾವಶಿ ಆಹೇತ” ಎಂದೆ. ಊರ ಕಡೆಯ ಮಾವಶಿ.

ಮಾವಶಿ ಎಂದರೆ ತಾಯಿಯ ತಂಗಿ. ಆದರೆ ಸೋಲಾಪುರದ ಆಫೀಸುಗಳಲ್ಲಿ ಕಸ ಗುಡಿಸುವವಳೂ ಮಾವಶಿ, ಮನೆಗಳಲ್ಲಿ ಪಾತ್ರೆ ತೊಳೆಯುವವಳೂ ಮಾವಶಿ. ಬಾಯಿ ತಪ್ಪಿ ಬಂತೆಂದು ಹೇಳಿ ಪಾರಾಗಲು ನನಗೆ ಆಗುವುದಿಲ್ಲ. ಎರಡರ್ಥವೂ ಗೊತ್ತಿದ್ದೇ ಆ ಮಾತನ್ನು ಆರಿಸಿಕೊಂಡೆ. ಉಂಗುರ ಆರಿಸುವುದಕ್ಕೆ ನನಗೆ ಅಷ್ಟು ಚುರುಕು ಇರಲಿಲ್ಲ.

ಮೇಡಂ ಕೆಟ್ಟವರಲ್ಲ. ನಾನು ಹೇಳಿದ್ದನ್ನು ನಂಬಿದರು, ಅಷ್ಟೇ. “ಮಾವಶಿ, ಜರಾ ಧರಾ” ಎಂದು ತಮ್ಮ ಬ್ಯಾಗನ್ನು ಅವ್ವನ ಕೈಗೆ ಕೊಟ್ಟು ಬಳೆ ಹಾಕಿ ನೋಡತೊಡಗಿದರು. ಅವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಳು. ಅಕ್ಕಲಕೋಟ ತಾಲೂಕಿನಲ್ಲಿ ಹುಟ್ಟಿ ಬೆಳೆದವಳಿಗೆ ಮರಾಠಿ ತಿಳಿಯುವುದಿಲ್ಲ ಎಂದು ನಾನು ಯಾವ ಧೈರ್ಯದಲ್ಲಿ ಅಂದುಕೊಂಡಿದ್ದೆನೋ. ಕೌಂಟರಿನವನು ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿ ಅಚ್ಚ ಕನ್ನಡದಲ್ಲಿ, “ಅವ್ವಾರಿಗೊಂದು ಕುರ್ಚಿ ಕೊಡ್ಲೇನ್ರಿ?” ಎಂದ. ಅವನು ಯಪ್ಪಾ ಎಂಬುದನ್ನು ಕೇಳಿಸಿಕೊಂಡಿದ್ದ. ನಾನು ಉತ್ತರ ಕೊಡುವ ಮೊದಲೇ ಅವ್ವ ಬೇಡವೆಂದು ತಲೆಯಾಡಿಸಿದಳು.

ಆಮೇಲೆ ಅಳತೆ ಕೇಳಿದ. ಅವ್ವ ಸಂಚಿ ಬಿಚ್ಚಿ ಆ ಕರಿ ಉಣ್ಣೆಯ ಸುತ್ತನ್ನು ಗಾಜಿನ ಮೇಲಿಟ್ಟಳು. ಇಟ್ಟು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು:

“ಸಾಹೇಬ್ರ, ಇದರಂಗ ಮಾಡಸ್ರಿ. ಎರಡ ಎಳಿ, ಒಂದ ಗಂಟು. ಮದುವಿಗಿ ಉಣ್ಣಿ ಕಂಕಣಾನ ಕಟ್ಟತೀವಲ್ರಿ, ಹಂಗ.”

ಸಾಹೇಬ್ರ. ಮಾಡಸ್ರಿ. ಬೀಗರಿಗೆ, ಬಸ್ಸಿನ ಕಂಡಕ್ಟರನಿಗೆ, ಊರ ಲೆಕ್ಕ ಬರೆಯುವ ತಲಾಠಿಗೆ ಹಚ್ಚುವ ರಿ. ಅವಳು ಮುನಿದು ಹಾಗೆ ಅಂದಿರಲಿಲ್ಲ. ಕನ್ನಡ ಅಲ್ಪಸ್ವಲ್ಪ ತಿಳಿಯುತ್ತಿದ್ದ ಮೇಡಂ ಮುಂದೆ ನಾನು ಆಡಿದ ಸುಳ್ಳು ಹರಿಯದಿರಲೆಂದು ತನ್ನ ಕೈಲಾದಷ್ಟು ತೇಪೆ ಹಾಕುತ್ತಿದ್ದಳು. ಮೇಡಂ ಆ ದಾರ ನೋಡಿ, ಎಷ್ಟು ಸಾದಾ, ಎಷ್ಟು ಬೇರೆ, ಎಂಥ ಕಲ್ಪನೆ ನಿಮ್ಮದು ಎಂದು ನನ್ನನ್ನು ಹೊಗಳಿದರು. ನಾನು ನಕ್ಕೆ. ನನ್ನದಲ್ಲ ಎನ್ನಲಿಲ್ಲ.

ಎಸ್ಟಿ ಬಸ್ ಸ್ಟ್ಯಾಂಡಿನಲ್ಲಿ ಅವಳು ಕಟ್ಟಿ ತಂದಿದ್ದ ರೊಟ್ಟಿ ಬಿಚ್ಚಿ, ಶೇಂಗಾ ಚಟ್ನಿ ಹಾಕಿ ನನ್ನ ಕೈಗಿಟ್ಟಳು. ನಾನು ರೊಟ್ಟಿ ಮುರಿಯುತ್ತ, ಬೇರೆ ಏನೂ ತಿಳಿದುಕೊಳ್ಳಬೇಡ, ಆಫೀಸಿನವರು ಹೇಗೆಂದರೆ, ಎಂದು ಏನೇನೋ ತೊದಲಿದೆ. ಅವ್ವ ಬಸ್ಸಿನ ದಾರಿ ನೋಡುತ್ತ, “ಮಾವಶಿ ಅಂದ್ರ ತಾಯಿ ತಂಗಿನ ಅಲ್ಲೇನು, ಭಾಳ ದೂರೇನಿಲ್ಲ ಬಿಡು” ಎಂದಳು. ಬೈದಿದ್ದರೆ ಹಗುರಾಗುತ್ತಿದ್ದೆ.

ಸಾಖರಪುಡಾಕ್ಕೆ ಹದಿನೈದು ದಿನ ಇತ್ತು. ಮೇಡಂ ದಿನವೂ ಎದುರಿಗೇ ಕೂರುತ್ತಿದ್ದರು. ಅವತ್ತು ಅಂಗಡಿಯಲ್ಲಿ ಕಂಡವರು ನನ್ನ ತಾಯಿ ಎಂದು ಹೇಳಲು ಅರ್ಧ ನಿಮಿಷ ಸಾಕಿತ್ತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಹದಿನೈದು ದಿನ ದೂಡಿದೆ. ಮೇಡಂ ಕಾರ್ಯಕ್ಕೆ ಬಾರದಿರಲಿ ಎಂದು ಬೀರೋಬಾನಿಗೆ ಹರಕೆ ಹೊತ್ತದ್ದೂ ಉಂಟು. ಉಂಗುರ ನೋಡಬೇಕೆಂದು ಅವರು ವಳಸಂಗಕ್ಕೆ ಬಂದೇಬಿಟ್ಟರು.

ಹುಡುಗಿಯ ಮನೆಯಲ್ಲಿ ಜನ ತುಂಬಿದ್ದರು. ಹೊಸ ಇಳಕಲ್ ಸೀರೆಯುಟ್ಟು ನನ್ನ ಪಕ್ಕದಲ್ಲಿ ಕೂತಿದ್ದ ಅವ್ವ, ಬಾಗಿಲಲ್ಲಿ ಮೇಡಂ ಕಂಡದ್ದೇ ತಡ ಎದ್ದು ಹೋದಳು. ಹೋಗಿ ಅವರ ಬ್ಯಾಗನ್ನು ತಾನೇ ಕೇಳಿ ಇಸಿದುಕೊಂಡು, ಅವರಿಗೆ ಜಾಗ ಮಾಡಿಕೊಟ್ಟು, ಬಾಗಿಲ ಬದಿಗೆ ನಿಂತುಬಿಟ್ಟಳು. ನಾನು ಪೇಟ ಸುತ್ತಿಕೊಂಡು ಗೊಂಬೆಯ ಹಾಗೆ ಕೂತೇ ಇದ್ದೆ.

ನಮ್ಮಲ್ಲಿ ಉಂಗುರ ತೊಡಿಸುವ ಮೊದಲು ಹುಡುಗನ ತಾಯಿ ಹುಡುಗಿಯ ಉಡಿ ತುಂಬಬೇಕು. ಹಿರಿಯರೊಬ್ಬರು ಅಕ್ಕಿ, ತೆಂಗಿನಕಾಯಿ ಮುಂದಿಟ್ಟುಕೊಂಡು, ಹುಡುಗನ ತಾಯಿ ಎಲ್ಲಿ, ಮುಂದೆ ಬರಲಿ ಎಂದು ಕೂಗಿದರು. ಎಲ್ಲರೂ ಬಾಗಿಲ ಕಡೆ ತಿರುಗಿದರು. ಅವ್ವ ಬ್ಯಾಗನ್ನು ಎದೆಗವಚಿಕೊಂಡು, ಹಿರಿಯರನ್ನು ನೋಡದೆ ನನ್ನನ್ನು ನೋಡಿದಳು.

“ಬರ್ಲೇನ್ರಿ?” ಎಂದಳು.

ಮಗನನ್ನು ಛೇಡಿಸುತ್ತಿದ್ದಾಳೆ ಎಂದುಕೊಂಡು ಮನೆಯವರೆಲ್ಲ ನಕ್ಕರು. ನಕ್ಕವರಲ್ಲಿ ನನ್ನ ಹುಡುಗಿಯೂ ಇದ್ದಳು. ಮೇಡಂ ನಗಲಿಲ್ಲ. ನಾನು ಎದ್ದುಹೋಗಿ ಅವ್ವನ ಕೈಯಿಂದ ಬ್ಯಾಗು ತೆಗೆದು ಮೇಡಂಗೆ ಕೊಟ್ಟು, “ಹೀ ಮಾಝೀ ಆಯಿ” ಎಂದೆ. ಇವಳು ನನ್ನ ತಾಯಿ. ಅವರು ಅದನ್ನು ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿದರು. ತಗ್ಗಿಸಬೇಕಾದ ತಲೆ ಪೇಟ ಸುತ್ತಿಕೊಂಡಿತ್ತು. ಅವ್ವ ಉಡಿ ತುಂಬಿದಳು. ಉಂಗುರ ಸಡಿಲವೂ ಆಗಲಿಲ್ಲ, ಬಿಗಿಯೂ ಆಗಲಿಲ್ಲ.

ಅವತ್ತೇ ಸಂಜೆ ಅವ್ವನ ಬಾಯಲ್ಲಿ ಯಪ್ಪಾ ಮರಳಿ ಬಂತು. ಈಗ ಸೋಲಾಪುರದ ನಮ್ಮ ಮನೆಗೆ ಆಗಾಗ ಬರುತ್ತಾಳೆ, ಸೊಸೆಯ ಬೆರಳು ಹಿಡಿದು ಉಂಗುರದ ಗಂಟು ಮುಟ್ಟಿ ನೋಡುತ್ತಾಳೆ. ಆದರೆ ಕರೆಗಂಟೆ ಒತ್ತಿ, ನಾನು ಬಾಗಿಲು ತೆಗೆದಾಗ, ಸಟ್ಟನೆ ಒಳಗೆ ಕಾಲಿಡುವುದಿಲ್ಲ. ಹೊಸ್ತಿಲ ಹೊರಗೇ ನಿಂತು, ಒಳಗೆ ಯಾರಾದರೂ ಬಂದಿದ್ದಾರೇನು ಎಂದು ಮೊದಲು ಕೇಳುತ್ತಾಳೆ.