ಎರಡು ಫೋಟೋ, ಒಂದೇ ಗುಂಡಿ

ಹೊಸೂರಿನ ನಮ್ಮ ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಪರಿಸರ ವರದಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅದನ್ನು ಯಾರಾದರೂ ಓದುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಒಂದು ದಿನ ಪಕ್ಕದ ತಳಿ ಊರಿನ ಕಡೆಯ ಹೂವಿನ ತೋಟದವರೊಬ್ಬರು ಎರಡು ವರ್ಷದ ವರದಿಗಳನ್ನು ಕಂಕುಳಲ್ಲಿಟ್ಟುಕೊಂಡು ಬಂದರು. ಅವರೂ ನಮ್ಮ ಕಂಪನಿಯ ಷೇರುದಾರರಂತೆ.

“ಸ್ವಾಮಿ, ಗಿಡ ನೆಡೋ ಈ ಎರಡು ಫೋಟೋ ನೋಡಿ. ಹಿಂದ್ಗಡೆ ಗೋಡೆ ಬಿರುಕೂ ಒಂದೇ, ಗುಂಡೀನೂ ಒಂದೇ. ಮೊದಲ್ನೇ ಗಿಡ ಎಲ್ಲೋಯ್ತು?”

ಪಕ್ಕದಲ್ಲಿದ್ದ ಮ್ಯಾನೇಜರು ಸುಮ್ಮನಿರು ಎಂದು ಕಣ್ಸನ್ನೆ ಮಾಡಿದರು. ಬೆಳಗ್ಗೆಯಷ್ಟೇ ಬೆಟ್ಟದ ಚಂದ್ರಚೂಡೇಶ್ವರನಿಗೆ ಕೈಮುಗಿದು ಬಂದಿದ್ದೆ. ಸುಳ್ಳು ಬಾಯಿಗೆ ಬರಲಿಲ್ಲ.

“ಒಣಗೋಯ್ತು ಯಜಮಾನ್ರೆ. ನೀರು ಹಾಕೋರಿರ್ಲಿಲ್ಲ.”

“ನಮ್ ತೋಟದಲ್ಲೂ ಒಣಗ್ತವೆ. ಅದನ್ನೇ ಬರೀರಿ. ಬರೆದ್ರೆ ಷೇರು ಮಡಿಕ್ಕೋತೀನಿ, ಇಲ್ದಿದ್ರೆ ಮಾರ್ಬುಡ್ತೀನಿ.”

ಆ ವರ್ಷ ‘ನೆಟ್ಟ ಗಿಡ ಉಳಿಯಲಿಲ್ಲ’ ಎಂದು ಬರೆದೆ. ದೊಡ್ಡ ಹೂಡಿಕೆದಾರರು ಓಡಿಹೋಗುತ್ತಾರೆಂದು ಮ್ಯಾನೇಜರು ಆ ಸಾಲನ್ನು ಮೂರು ಸಲ ಹೊಡೆದುಹಾಕಿದರು. ಈಶ್ವರನನ್ನು ನೆನೆದು ಮೂರು ಸಲವೂ ಮತ್ತೆ ಬರೆದೆ. ಕೊನೆಗೆ ಅಚ್ಚಾಯಿತು.

ತೋಟದ ಯಜಮಾನರು ಷೇರು ಮಾರಲಿಲ್ಲ. ದೊಡ್ಡವರೂ ಮಾರಲಿಲ್ಲ. ಅವರು ಆ ಪುಟ ತೆರೆದಿದ್ದರೋ ಇಲ್ಲವೋ, ಭಗವಂತನೇ ಬಲ್ಲ.