ಊಟಕ್ಕೆ ಕರೆಯುವ ಕೂಗು

ಹುಲೇಕಲ್ಲಿನ ಶ್ರೀಪಾದ ಹೆಗಡೆಯವರ ಮನೆಯಲ್ಲಿ ಹೆಂಗಸರು ದನಿ ಎತ್ತುವುದಕ್ಕೆ ಎರಡೇ ಸಂದರ್ಭಗಳಲ್ಲಿ ಅನುಮತಿ: ತೋಟಕ್ಕೆ ಮಂಗ ಬಂದಾಗ, ಗಂಡಸರನ್ನು ಊಟಕ್ಕೆ ಕರೆಯುವಾಗ. ಮಧ್ಯಾಹ್ನ ಒಂದೂವರೆಗೆ ಅವರ ಹೆಂಡತಿ ರಾಜೀವಿ ಹಿತ್ತಿಲಲ್ಲಿ ನಿಂತು ‘ಕೂ’ ಎಂದು ಉದ್ದಕ್ಕೆ ಕೂಗುತ್ತಾರೆ. ತೋಟದಿಂದ ಹೆಗಡೆಯವರು ‘ಕೂ’ ಎಂದು ಓಗೊಟ್ಟರೆ ಬಾಳೆಲೆ ಹಾಕಬಹುದು. ಪಕ್ಕದ ಮನೆಯವನಾದ ನಾನು ಗಡಿಯಾರ ಸರಿಮಾಡಿಕೊಳ್ಳುವುದೂ ಅದನ್ನು ಕೇಳಿಯೇ.

ಮಗಳು ಸಮೃದ್ಧಿ ಶಿರಸಿಯ ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಮಂಗ ಓಡಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ನಾವೆಲ್ಲ ಹೇಳಿಕಳಿಸಿ ಅವಳಿಂದ ಕೂಗಿಸುತ್ತಿದ್ದೆವು. ಅದೇ ಹುಡುಗಿ ಮೂವರು ಹುಡುಗರ ಮೆಟಲ್ ಬ್ಯಾಂಡ್ ಸೇರಿ, ಗಿಟಾರು ಡ್ರಮ್ಮುಗಳ ನಡುವೆ ಗಂಟಲು ಹರಿಯುವಂತೆ ಕಿರುಚುತ್ತಾಳೆಂದು ಗೊತ್ತಾದಾಗ ಮಾತ್ರ ಊರಿಗೆ ಮರ್ಯಾದೆಯ ನೆನಪಾಯಿತು. ಮಂಗಗಳೆದುರು ಹೋಗದ ಮಾನ ಮನುಷ್ಯರೆದುರು ಹೋಗುತ್ತದಂತೆ!

ಶಿರಸಿಯಲ್ಲಿ ಬ್ಯಾಂಡುಗಳ ಸ್ಪರ್ಧೆ ನಿಗದಿಯಾಯಿತು. ಹೆಗಡೆಯವರು ತೀರ್ಪು ಕೊಟ್ಟರು: “ಒಂದೇ ಸಲ ಹೋಗು. ಜನ ನೆಗ್ಯಾಡಿದ್ರೆ ಅಲ್ಲಿಗೇ ಬಿಡವು.”

ನಕ್ಕರೆ ಬಿಡುತ್ತೇನೆಂದು ಸಮೃದ್ಧಿ ತಲೆಯಾಡಿಸಿದಳು. ಆ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಆಟ ಬಿಡು ಎಂದರೆ ಬಿಡಬಹುದು, ಉಸಿರು ಬಿಡು ಎಂದರೆ?

ಭಾನುವಾರ ಹೆಗಡೆ ದಂಪತಿಯ ಜೊತೆ ನಾನೂ ಹೋದೆ. ನಗುವವರನ್ನು ಲೆಕ್ಕ ಹಾಕುವವರಂತೆ ಹೆಗಡೆಯವರು ಮೊದಲ ಸಾಲಿನಲ್ಲೇ ಕೈಕಟ್ಟಿ ಕೂತರು. ಭಾಷಣಗಳು ಎಳೆದು, ಸಮೃದ್ಧಿಯ ಸರದಿ ಬಂದಾಗ ಒಂದೂವರೆ. ಹೊಟ್ಟೆ ಚುರುಗುಟ್ಟುತ್ತಿತ್ತು. ಅವಳು ಮೈಕ್ ಹಿಡಿದು ಕಣ್ಣು ಮುಚ್ಚಿ ಶುರು ಮಾಡಿದ್ದು ಅಮ್ಮನ ಅದೇ ಕೂಗಿನಿಂದ, ಉದ್ದಕ್ಕೆ: “ಕೂ…”

“ಕೂ!” ಎಂದರು ಹೆಗಡೆಯವರು.

ಮೂವತ್ತು ವರ್ಷದ ರೂಢಿ. ಏಳುವುದಕ್ಕೂ ಹೊರಟಿದ್ದರು. ಸಭಾಂಗಣ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸಮೃದ್ಧಿ ನಿಲ್ಲಿಸಲಿಲ್ಲ. ಆ ಕೂಗನ್ನೇ ಹರಿದು, ಒರಟಾಗಿಸಿ, ಅಬ್ಬರಕ್ಕೆ ಏರಿಸಿದಳು. ನಗು ತಾನಾಗಿ ಅಡಗಿತು. ನನಗೆ ಮೈ ಜುಮ್ಮೆಂದಿತು. ರಾಜೀವಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಬಹುಮಾನವೇನೂ ಬರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಹೆಗಡೆಯವರು ಗಂಟಲು ಸರಿಮಾಡಿಕೊಂಡು, ಜನ ನಕ್ಕಿದ್ದಂತೂ ಹೌದು, ಮಾತೆಂದರೆ ಮಾತು ಎಂದರು. ಸಮೃದ್ಧಿ ಕಿಟಕಿಯ ಕಡೆ ತಿರುಗಿದಳು.

“ಜನ ನೆಗ್ಯಾಡಿದ್ದು ನಿಂಗಳ ಕಂಡು! ಕೂಸು ಇನ್ನೂ ಕೂಗ್ತು!”

ರಾಜೀವಿ. ಊಟಕ್ಕಲ್ಲದೆ, ಮಂಗಕ್ಕಲ್ಲದೆ ಆ ದನಿ ಏರಿದ್ದು ಅದೇ ಮೊದಲು. ಯಾರೋ ಇಳಿಯಬೇಕೆಂದು ಕೂಗಿದರೆಂದುಕೊಂಡು ಡ್ರೈವರ್ ಬ್ರೇಕ್ ಹಾಕಿದ. ಯಾರೂ ಇಳಿಯಲಿಲ್ಲ.