ಬೊಸ್ಕೆರೊ ಮನೆಯ ತೊಟ್ಟಿ

ದ್ರಾಕ್ಷಿ ಬೆಳೆಯುವ ಮೊನ್‌ಫೆರಾತೊ ಗುಡ್ಡಗಳಲ್ಲಿ ಬೊಸ್ಕೆರೊ ಮನೆಯವರಷ್ಟು ಹಟಮಾರಿಗಳು ಬೇರೆ ಇರಲಿಲ್ಲ. ಸುತ್ತಲಿನವರೆಲ್ಲ ಕಳೆನಾಶಕಕ್ಕೆ ಮನಸೋತ ಕಾಲದಲ್ಲೂ ಯಜಮಾನ ಪ್ಲಿನಿಯೊ ಮೈಲುತುತ್ತ, ಸುಣ್ಣ, ಗಂಧಕ ಬಿಟ್ಟು ಬೇರೇನನ್ನೂ ಬಳ್ಳಿಗೆ ಮುಟ್ಟಿಸಲಿಲ್ಲ. ದ್ರಾಕ್ಷಿ ಸಾಲುಗಳ ನಡುವೆ ಅವರೆ ಬಿತ್ತಿ, ಹೂಬಿಟ್ಟಾಗ ಮಣ್ಣಿಗೆ ಮಗುಚುತ್ತಿದ್ದ. ರಸ ಹುಳಿಯುವುದಕ್ಕೂ ಅಂಗಡಿಯ ಹುದುಗು ಪುಡಿ ಹಾಕದೆ ಹಣ್ಣಿನ ಸಿಪ್ಪೆಗೆ ತಾನಾಗಿ ಅಂಟಿರುವ ಬೂದಿಯಂಥ ಹುದುಗನ್ನೇ ನಂಬುತ್ತಿದ್ದ. ಮಗ ಒರೆಸ್ತೆ ಅಪ್ಪನಿಗೆ ಬಲಗೈ. ಮಗಳು ಎರ್ಸಿಲಿಯಾಳಿಗೆ ನೆಲಮಾಳಿಗೆಯ ಕೆಲಸ.

ಅವಳಿಗೆ ಇಪ್ಪತ್ತಾರಾಗಿದ್ದ ವರ್ಷ ಬೆಳೆ ವಿಪರೀತ ಬಂತು. ಅಂಗಳದಲ್ಲಿ ಬಾರ್ಬೆರಾ ದ್ರಾಕ್ಷಿಯ ಬುಟ್ಟಿಗಳು ಕಾದು ಕೂತಿದ್ದವು, ಕಣಜದ ಹುಳುಗಳು ಮುತ್ತುತ್ತಿದ್ದವು. ದೊಡ್ಡ ತೊಟ್ಟಿಯಿಂದ ವೈನ್ ಬಸಿದಾಗಿತ್ತು, ತಳದಲ್ಲಿ ಉಳಿದ ಸಿಪ್ಪೆ ತೆಗೆದರೆ ಹೊಸ ಹಣ್ಣಿಗೆ ಜಾಗ. ರಸ ಹುಳಿಯುವಾಗ ಏಳುವ ಗಾಳಿಗೆ ಬಣ್ಣವಿಲ್ಲ. ಭಾರವಾದ್ದರಿಂದ ನೀರಿನ ಹಾಗೆ ತಳದಲ್ಲಿ ನಿಲ್ಲುತ್ತದೆ. ಅದಕ್ಕೇ ಇಳಿಯುವ ಮುಂಚೆ ಮೇಣದಬತ್ತಿ ಹಚ್ಚಿ ಇಳಿಬಿಡುವುದು ಆ ಮನೆಯ ಪದ್ಧತಿ. ಬತ್ತಿ ಆರಿದರೆ ಮನುಷ್ಯ ಇಳಿಯಕೂಡದು.

"ಬತ್ತಿ ಬಿಟ್ಟು ನೋಡೋ," ಎಂದ ಪ್ಲಿನಿಯೊ.

"ತೊಟ್ಟಿ ಬಾಯಿ ಬೆಳಗಿಂದ ತೆಗೆದೇ ಇದೆಯಲ್ಲಪ್ಪಾ. ಹಣ್ಣು ಕೊಳೀತಾ ಇದೆ ಅಲ್ಲಿ," ಎನ್ನುತ್ತಲೇ ಒರೆಸ್ತೆ ಏಣಿ ಇಳಿದ. ಸಲಿಕೆ ಎರಡು ಸಲ ಸಿಮೆಂಟಿಗೆ ತಾಗಿದ ಸದ್ದು ಕೇಳಿತು. ಮೂರನೆಯದು ಬರಲಿಲ್ಲ.

ಪ್ಲಿನಿಯೊ ಒಂದು ಸಲ ಮಗನ ಹೆಸರು ಕೂಗಿ, ಉಸಿರು ಬಿಗಿಹಿಡಿದು ಧುಮುಕಿದ. ಎರ್ಸಿಲಿಯಾ ಬಗ್ಗಿ ನೋಡಿದಾಗ ಅಪ್ಪ ಮಗನ ಕಂಕುಳಿಗೆ ಕೈ ಹಾಕಿದ್ದ. ಎತ್ತುವ ಪ್ರಯಾಸಕ್ಕೆ ಬಾಯಿ ತೆರೆದು ಉಸಿರೆಳೆದ, ಅವನ ಮೇಲೆಯೇ ಕುಸಿದ. ಅವಳೂ ಏಣಿಯ ಮೇಲೆ ಕಾಲಿಟ್ಟಳು. ಆಮೇಲೆ ಆ ಕಾಲನ್ನು ಹಿಂದಕ್ಕೆ ತೆಗೆದುಕೊಂಡು ಅಂಗಳಕ್ಕೆ ಓಡಿ ಕಿರುಚಿದಳು. ಗುಡ್ಡದ ಕೆಳಗಿನಿಂದ ಜನ ಬಂದು, ಹಗ್ಗ ಹಾಕಿ ಮೇಲೆತ್ತುವ ಹೊತ್ತಿಗೆ ಇಬ್ಬರೂ ತಣ್ಣಗಾಗಿದ್ದರು.

ತಾಯಿ ದೆಲ್ಫೀನಾ ಶವಪೆಟ್ಟಿಗೆಗಳ ಮುಂದೆ ಅಳಲಿಲ್ಲ. ಆ ತೊಟ್ಟಿಯ ವೈನನ್ನೆಲ್ಲ ಹಳ್ಳಕ್ಕೆ ಸುರಿಸಿದಳು. ಚಳಿಗಾಲ ಹಿಡಿದ ಮೇಲೆ ಒಂದು ಮಧ್ಯಾಹ್ನ ಮುಸುಕಿನ ಜೋಳದ ಹಿಟ್ಟಿನ ಪೊಲೆಂತಾ ಗಂಜಿ ತಿರುವುತ್ತ ಮಗಳತ್ತ ನೋಡದೆ ಕೇಳಿದಳು: "ನೀನ್ಯಾಕೆ ಇಳೀಲಿಲ್ಲ?"

"ಇಳಿದಿದ್ರೆ ಮೂರು ಪೆಟ್ಟಿಗೆ ಆಗ್ತಿತ್ತಮ್ಮ."

"ಆಗ್ಲಿ. ಮೂರನ್ನೂ ನಾನೇ ಹೊರ್ತಿದ್ದೆ."

ಆ ಮಾತು ಮತ್ತೆ ಆ ಮನೆಯಲ್ಲಿ ಏಳಲಿಲ್ಲ. ತಾಯಿ ಮಗಳು ವರ್ಷಾನುಗಟ್ಟಲೆ ಒಂದೇ ಮೇಜಿನಲ್ಲಿ ಉಂಡರು. ದೆಲ್ಫೀನಾ ತೀರಿಕೊಂಡ ಮೇಲೆ ಎರ್ಸಿಲಿಯಾ ಒಬ್ಬಳೇ ಉಂಡಳು. ಮದುವೆಯಾಗಲಿಲ್ಲ. ತೋಟವನ್ನು ಮಾತ್ರ ಅಪ್ಪ ಮಾಡಿದ ಹಾಗೆಯೇ ಮಾಡಿದಳು. ನೆರೆಯ ಅತ್ತೀಲಿಯೊ ಪಡಖಾನೆಯಲ್ಲಿ ಕೂತು ಎಲ್ಲರೆದುರು ಆಡಿಕೊಳ್ಳುತ್ತಿದ್ದ: "ಬೊಸ್ಕೆರೊ ಮನೇಲಿ ಬಳ್ಳಿಗೆ ವಿಷ ಹಾಕಲ್ಲಪ್ಪಾ, ಮನುಷ್ಯರಿಗೇ ಹಾಕ್ತಾರೆ. ಅವಳು ಏಣಿ ಹಿಡ್ಕೊಂಡು ನೋಡ್ತಾಳೆ." ಜನ ನಗುತ್ತಿದ್ದರು. ಎದುರಿಗೆ ಸಿಕ್ಕಾಗ ಅವಳ ವೈನನ್ನು ಹೊಗಳುತ್ತಿದ್ದರು.

ಹಾಗೇ ದ್ರಾಕ್ಷಿ ಕೊಯ್ಲಿನ ಒಂದು ಅಕ್ಟೋಬರಿನಲ್ಲಿ ಅತ್ತೀಲಿಯೊನ ಹೆಂಡತಿ ನೋರ್ಮಾ ಚೀರಿದ್ದು ಬೇಲಿಯಾಚೆ ಕೇಳಿತು. ಎರ್ಸಿಲಿಯಾ ಓಡಿ ಹೋದಾಗ ಅತ್ತೀಲಿಯೊ ತನ್ನ ತೊಟ್ಟಿಯ ತಳದಲ್ಲಿ ಮುಖ ಕೆಳಗಾಗಿ ಬಿದ್ದಿದ್ದ. ನೋರ್ಮಾ ಆಗಲೇ ಏಣಿಯ ಮೇಲಿದ್ದಳು. ಎರ್ಸಿಲಿಯಾ ಅವಳ ಜುಟ್ಟು ಹಿಡಿದು ಹೊರಗೆಳೆದು, ನೆಲಕ್ಕೆ ಕೆಡವಿ, ಮೇಲೆ ಕೂತಳು. ನೋರ್ಮಾ ಕಚ್ಚಿದಳು, ಪರಚಿದಳು.

"ಬಿಡೇ ಪಾಪಿ. ನಿನ್ನೋರನ್ನ ತಿಂದಿದ್ದು ಸಾಲ್ದಾ? ಬಿಡೇ."

ಎರ್ಸಿಲಿಯಾ ಬಿಡಲಿಲ್ಲ. ಉಸಿರಾಟದ ಸಿಲಿಂಡರ್ ಹೊತ್ತ ಅಗ್ನಿಶಾಮಕ ದಳದವರು ಗುಡ್ಡ ಹತ್ತಿ ಬರುವವರೆಗೂ ಹಾಗೇ ಕೂತಿದ್ದಳು. ಅತ್ತೀಲಿಯೊ ಸತ್ತಿದ್ದ. ಹೊಸಿಲಲ್ಲಿ ಅವನ ಇಬ್ಬರು ಹೆಣ್ಣುಮಕ್ಕಳು ನಿಂತಿದ್ದರು. ಎರ್ಸಿಲಿಯಾ ಹೊರಟಾಗ ನೋರ್ಮಾ ಅವಳ ಮುಖಕ್ಕೆ ಉಗುಳಿದಳು. ಅವಳು ಏಪ್ರನ್ನಿನ ತುದಿಯಿಂದ ಒರೆಸಿಕೊಂಡು ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಅಪ್ಪ ಸತ್ತಾಗಲೂ ಅಳದಷ್ಟು ಅತ್ತಳು.

ಎರಡು ಚಳಿಗಾಲ ನೋರ್ಮಾ ಚರ್ಚಿನಲ್ಲಿ ಅವಳನ್ನು ಕಂಡರೆ ಬೆಂಚು ಬದಲಿಸಿದಳು. ಮೂರನೆಯ ಫೆಬ್ರವರಿಯಲ್ಲಿ, ಎರ್ಸಿಲಿಯಾ ಕಡ್ಡಿ ಕತ್ತರಿಸುವ ಚಾಟನಿ ಮುಗಿಸಿ ಬಳ್ಳಿಗಳನ್ನು ತಂತಿಗೆ ಕಟ್ಟುತ್ತಿದ್ದಾಗ, ಕಟ್ಟಲು ಬೇಕಾದ, ದಾರದಂತೆ ಬಾಗುವ ಎಳೆ ಕಡ್ಡಿಗಳ ಕಂತೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೋರ್ಮಾ ಸಾಲಿನ ಆ ತುದಿಯಲ್ಲಿ ಕಾಣಿಸಿದಳು.

"ನೀ ಮಾಡಿದ್ದು ಸರಿ ಅಂತ ಹೇಳೋಕೆ ಬಂದಿಲ್ಲ," ಎಂದಳು.

"ನಾ ಕೇಳ್ಲೂ ಇಲ್ಲ."

"ನಿನ್ನ ಬೆನ್ನು ಬಗ್ಗಲ್ವಂತೆ ಈಗ. ನನ್ನ ಹುಡುಗೀರು ಹೇಳಿದ್ರು."

ಇಬ್ಬರೂ ಎರಡು ತುದಿಯಿಂದ ಕಟ್ಟುತ್ತ ಬಂದರು. ಬೆರಳು ಮರಗಟ್ಟುವ ಚಳಿ. ನಡುಸಾಲಿನಲ್ಲಿ ಸಂಧಿಸಿದಾಗ ನೋರ್ಮಾ ಕೇಳಿದಳು: "ನನ್ನ ನೀ ಹಿಡ್ಕೊಂಡೆ. ಅವತ್ತು ನಿನ್ನ ಹಿಡಿಯೋಕೆ ಯಾರೂ ಇರ್ಲಿಲ್ಲ. ಹೇಗೆ ನಿಂತೆ?"

ಊರವರು ಅದನ್ನು ಕಲ್ಲುಮನಸ್ಸು ಎಂದಿದ್ದರು. ಪಾದ್ರಿ ವಿವೇಕ ಎಂದಿದ್ದರು. ಎರ್ಸಿಲಿಯಾ ಕೈಲಿದ್ದ ಗಂಟು ಬಿಗಿದಳು.

"ಹೆದರಿಕೆ ಆಯ್ತು ಕಣೇ," ಎಂದಳು. "ಅಪ್ಪ ಬಿದ್ದಿದ್ದು ನೋಡಿದೆ, ಕಾಲು ಹಿಂದಕ್ಕೆ ತಗೊಂಡೆ. ಬೇರೇನೂ ಯೋಚ್ನೆ ಮಾಡ್ಲಿಲ್ಲ."

ನೋರ್ಮಾ ಮುಂದಿನ ಸಾಲಿಗೆ ದಾಟಿದಳು. ಮರುದಿನವೂ ಬಂದಳು. ಎರ್ಸಿಲಿಯಾ ಹಾಸಿಗೆ ಹಿಡಿಯುವವರೆಗೆ ಪ್ರತಿ ಫೆಬ್ರವರಿಯಲ್ಲೂ ಬಂದಳು. ಗೆಳತಿಯರಾದರು ಎನ್ನುವ ಹಾಗಿಲ್ಲ. ಒಬ್ಬರ ಮನೆಯಲ್ಲಿ ಇನ್ನೊಬ್ಬರು ಎಂದೂ ಉಣ್ಣಲಿಲ್ಲ. ಎರ್ಸಿಲಿಯಾ ಸತ್ತಾಗ ಹೆಣ ತೊಳೆದವಳು ನೋರ್ಮಾ. ತೋಟ ದೂರದ ನೆಂಟರ ಪಾಲಾಯಿತು. ಅವರು ಹಳೆಯ ಬಳ್ಳಿಗಳನ್ನು ಕಿತ್ತು ಹೇಸಲ್‌ನಟ್ ಗಿಡ ನೆಟ್ಟರು. ಕೀಳುವ ದಿನ ನೋರ್ಮಾ ಬೇಲಿಯ ಹತ್ತಿರ ನಿಂತು ಸ್ವಲ್ಪ ಹೊತ್ತು ನೋಡಿ ಒಳಗೆ ಹೋದಳು.